ಸಂಪಾದಕಿಯ ಮನೆಗೆ ಹೆಣ್ಣು ನೋಡಲು ಬಂದವರು

ಹಾಸನದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ, ಸಂಜೆ ಮನೆಯಲ್ಲಿ ಕೂತು ಸಸ್ಯವಿಜ್ಞಾನದ ಪತ್ರಿಕೆಯೊಂದಕ್ಕೆ ಸಂಪಾದಕಿಯ ಕೆಲಸ ಮಾಡುತ್ತೇನೆ. ಸಂಬಳವಿಲ್ಲ. ಈ ವಿಷಯ ಯಾರ ಕಿವಿಗಾದರೂ ಬಿದ್ದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬೈದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರಾದರೂ ‘ಒಳ್ಳೆ ಕೆಲಸ ಮಾಡಿದೆ ಕಣಮ್ಮ’ ಅನ್ನಲಿ ಅಂತ ನನಗೂ ಆಸೆ.

ಕರಿಬೇವಿನ ಕುಂಡ

ನಮ್ಮ ಎದುರುಮನೆ ದೊಡ್ಡಮ್ಮ ಹೊಳೆನರಸೀಪುರದವರು. ಒಂದು ಬೆಳಿಗ್ಗೆ ಕರಿಬೇವಿನ ಕುಂಡ ತಂದು ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟರು. ಎಲೆಯೆಲ್ಲ ಮುರುಟಿತ್ತು.

"ಗಿಡದ್ದೆಲ್ಲಾ ನೀನೇ ಸರಿ ಮಾಡ್ತೀಯಂತಲ್ಲವ್ವಾ. ಇದ್ನೂ ವಸಿ ನೋಡು."

"ಗಿಡ ಅಲ್ಲ ದೊಡ್ಡಮ್ಮ. ಗಿಡದ ಬಗ್ಗೆ ಬೇರೆಯವರು ಬರೆದಿದ್ದನ್ನ ಸರಿ ಮಾಡಿಸ್ತೀನಿ."

"ಬರ್ದಿದ್ದು ಸರಿಯಾದ್ರೆ ಗಿಡ ಸರಿಯಾಗ್ತದಾ?"

"ಆಗುತ್ತೆ, ಸ್ವಲ್ಪ ಕಾಲ ಬೇಕು," ಅಂದೆ.

"ಅಲ್ಲೀಗಂಟ ಒಗ್ಗರಣೆಗೆ ಏನ್ ಆಕ್ಲಿ?"

ಮಾವನ ಬೇಲು

ಅರಕಲಗೂಡಿನ ನನ್ನ ಸೋದರಮಾವ ಹೊಗೆಸೊಪ್ಪು ಬೆಳೆದು, ಬೇಲು ಕಟ್ಟಿ ಹರಾಜಿಗೆ ಹಾಕುತ್ತಾರೆ. ನಮ್ಮ ಮನೆಗೆ ಬಂದಾಗ ನನ್ನ ಕೆಲಸ ಏನೆಂದು ಕೇಳಿದರು.

"ಲೇಖನ ಬರುತ್ತೆ ಮಾವ. ಸರಿಯಿದೆಯಾ ನೋಡಿ ಅಂತ ಇಬ್ಬರು ತಿಳಿದವರಿಗೆ ಗುಟ್ಟಾಗಿ ಕಳಿಸ್ತೀನಿ. ನೋಡಿದವರು ಯಾರು ಅಂತ ಬರೆದವರಿಗೆ ಯಾವತ್ತೂ ಹೇಳೋ ಹಾಗಿಲ್ಲ. ಆಮೇಲೆ ತಿದ್ದಿಸಿ ಒಪ್ಕೋಬೇಕು, ಇಲ್ಲ ವಾಪಸ್ ಕಳಿಸಬೇಕು."

"ಎಷ್ಟೊತ್ತು ಇಡೀತದೆ?"

"ಆರು ತಿಂಗಳು."

ಮಾವನಿಗೆ ನಗು ತಡೆಯಲಾಗಲಿಲ್ಲ. "ರಾಮನಾಥಪುರದ ಅರಾಜ್ನಲ್ಲಿ ನಮ್ ಬೇಲ್ ಮುಂದೆ ಸೊಪ್ಪು ಕೊಳ್ಳೋರು ನಿಂತ್ಕಳಾದೇ ಇಲ್ಲ ಕಣವ್ವ. ನಡ್ಕಂಡು ಓಗ್ತಾನೇ ಕೈಲಿರೋ ಮಿಷನ್ ಒತ್ತುತಾರೆ, ರೇಟ್ ಬಂದೋಯ್ತದೆ. ನಿನ್ ಕೈಗೆ ಕೊಟ್ರೆ ಬೇಲ್ಗೆ ಬೂಷ್ಟು ಇಡ್ದು, ಆ ಬೂಷ್ಟಿನ ಮ್ಯಾಲೆ ಇನ್ನೊಬ್ಬ ಲೇಖನ ಬರ್ದು ಕಳಿಸ್ತಾನೆ."

ಉಪ್ಪಿಟ್ಟು ಕೊಟ್ಟ ಮೇಲೆ

ಹೋದ ತಿಂಗಳು ಮಗಳನ್ನು ನೋಡಲು ಚನ್ನರಾಯಪಟ್ಟಣದಿಂದ ಹುಡುಗ, ಅವನ ಅಪ್ಪ, ಅಮ್ಮ, ಅಜ್ಜಿ ಬಂದರು. ಹುಡುಗ ಮಗಳಿಗೆ ಮೊದಲೇ ಹಿಡಿಸಿದ್ದ. ಹಿರಿಯರು ಹೂಂ ಅಂದರೆ ಮುಗಿಯಿತು. ಅಪ್ಪ ನಿವೃತ್ತ ಪ್ರಾಧ್ಯಾಪಕರು. ತೆಂಗಿನ ರೋಗದ ಮೇಲೆ ಕೆಲಸ ಮಾಡಿದ್ದೇನೆ ಅಂದರು ನೋಡಿ, ಆಗ ನನಗೆ ಗುರುತು ಹತ್ತಿತು. ಅವರ ಲೇಖನವನ್ನು ಮೂರು ಸಲ ವಾಪಸ್ ಕಳಿಸಿದವಳು ನಾನೇ.

"ಆ ಸಂಪಾದಕಿ ನೀವೇ ಅಲ್ವಾ ಮೇಡಂ?" ಅಂದರು. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು.

"ಹೌದು," ಅಂದೆ, ಸಂಬಂಧ ತಪ್ಪಿತು ಎಂದುಕೊಂಡೇ.

"ನಾನು ಬೈದಿದ್ದು ಕೇಳೀ ಕೇಳೀ ನಮ್ಮ ಮನೇಲಿ ಎಲ್ಲರಿಗೂ ನಿಮ್ಮ ಹೆಸರು ಬಾಯಿಪಾಠ. ಚೆನ್ನಾಗಿರೋ ಮರಗಳನ್ನ ನೋಡಿದ್ರಾ ಅಂತ ಕೇಳ್ತಾನೇ ಇದ್ರಿ. ಕೊನೆಗೆ ಸಿಟ್ಟಲ್ಲೇ ಹೋಗಿ ನೋಡಿದೆ. ರೋಗಕ್ಕೆ ಕಾರಣ ಅಂತ ನಾನು ಬರೆದಿದ್ದ ಶಿಲೀಂಧ್ರ ಆ ಮರಗಳಲ್ಲೂ ಇತ್ತು. ಹಾಗೇ ಅಚ್ಚಾಗಿದ್ರೆ ತಲೆ ಎತ್ತಿ ಓಡಾಡೋ ಹಾಗಿರಲಿಲ್ಲ. ನನ್ನ ಮಾನ ಉಳಿಸಿದ್ರಿ."

ಇಷ್ಟು ವರ್ಷಕ್ಕೆ ನಾನು ಕೇಳಿದ ಮೊದಲ ಒಳ್ಳೆ ಮಾತು. ಕಣ್ಣು ತುಂಬಿ ಬಂತು.

"ಹಾಗಾದ್ರೆ ಸಂಬಂಧ..." ಎಂದು ನಮ್ಮ ಯಜಮಾನರು ರಾಗ ಎಳೆದರು.

"ಅದನ್ನ ಇಬ್ಬರು ತಿಳಿದವರು ನೋಡಬೇಕು. ಯಾರು ಅಂತ ಹೇಳೋ ಹಾಗಿಲ್ಲ," ಅಂದರು ಪ್ರಾಧ್ಯಾಪಕರು.

ಅವರ ಹೆಂಡತಿ ಮತ್ತು ತಾಯಿ ಪಕ್ಕದಲ್ಲೇ ಕೂತು, ಮಗಳನ್ನೇ ನೋಡುತ್ತಾ ಉಪ್ಪಿಟ್ಟು ತಿನ್ನುತ್ತಿದ್ದರು. ಹೆಂಡತಿ ನಕ್ಕು ತಲೆಯಾಡಿಸಿದರು. ತಾಯಿ ತಟ್ಟೆ ಕೆಳಗಿಟ್ಟರು.

"ಉಡ್ಗಿ ಚೆಂದಾಗವ್ಳೆ ಕಣಪ್ಪ. ಉಪ್ಪಿಟ್ಗೆ ವಸಿ ಉಪ್ಪು ಸಾಲ್ದು."

ಪ್ರಾಧ್ಯಾಪಕರು ನನ್ನ ಕಡೆ ತಿರುಗಿ ಕೈಮುಗಿದರು. "ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಿಗೆ, ಮೇಡಂ."