ಪೂಜೆಗೆ ಕೂತ ಬೋಲ್ಟಿನ ಡಬ್ಬಿ

ಕೆಲವರಿಗೆ ಬಂಗಾರ ಕೂಡಿಡುವ ಆಸೆ, ಕೆಲವರಿಗೆ ಹಳೆಯ ನಾಣ್ಯದ ಹುಚ್ಚು. ನನ್ನದು ಇವೆರಡಕ್ಕಿಂತ ಅಗ್ಗದ ಕಾಯಿಲೆ. ದಾರಿಯಲ್ಲಿ ಒಂದು ನಟ್ಟು ಬಿದ್ದದ್ದು ಕಂಡರೆ ಸಾಕು, ನನ್ನ ಸೈಕಲ್ಲು ತಾನಾಗಿಯೇ ನಿಲ್ಲುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಪಾಳಿಗೆ ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಹಿಂದೆ ಬರುವವರು ಬೈದುಕೊಂಡು ಪಕ್ಕಕ್ಕೆ ಹೊರಳುತ್ತಾರೆ. ನಾನು ನಟ್ಟನ್ನು ಅಂಗಿಗೆ ಒರೆಸಿ ಕಿಸೆಗೆ ಹಾಕಿಕೊಳ್ಳುತ್ತೇನೆ. ಸೈಕಲ್ಲನ್ನು ಮನೆಯಲ್ಲೇ ಕೈಯಾರೆ ರಿಪೇರಿ ಮಾಡುವವನಿಗೆ ಯಾವ ಹೊತ್ತಿನಲ್ಲಿ ಯಾವುದು ಬೇಕಾಗುತ್ತದೋ ಹೇಳಲಾಗದು ಎಂಬುದು ನನ್ನ ವಾದ. ಈ ವಾದವನ್ನು ಒಪ್ಪಿದವನು ಈತನಕ ನಾನೊಬ್ಬನೇ.

ಹೀಗೆ ಕೂಡಿದ್ದೆಲ್ಲ ಡಬ್ಬಿಗಳಲ್ಲಿ ತುಂಬಿ, ಕಿಟಕಿಯ ಪಕ್ಕದ ಕಬ್ಬಿಣದ ರ್‍ಯಾಕಿನ ಮೇಲೆ ಕೂತಿತ್ತು. ಆ ರ್‍ಯಾಕನ್ನು ಜೋಡಿಸಿದವನೂ ನಾನೇ. ಅಳತೆಯ ಪ್ರಕಾರ ಬೋಲ್ಟುಗಳನ್ನು ಬೇರೆ ಬೇರೆ ಮಾಡಬೇಕೆಂದು ಒಮ್ಮೆ ಹೊರಟೆ. ಆ ಉತ್ಸಾಹ ಒಂದು ಭಾನುವಾರದ ಮಧ್ಯಾಹ್ನದ ಊಟದವರೆಗೆ ಬಾಳಿತು. ಇನ್ನೊಮ್ಮೆ ಮುಂಡಗೋಡದ ಸಂತೆಗೆ ಒಣಮೆಣಸಿನಕಾಯಿ ತರಲು ಹೋದವನು ಜೊತೆಗೆ ಒಂದಿಷ್ಟು ಹಳೆಯ ಬೋಲ್ಟುಗಳನ್ನೂ ತಂದೆ. ತಂದದ್ದು ತಪ್ಪಲ್ಲ, ಎರಡನ್ನೂ ಒಂದೇ ಚೀಲದಲ್ಲಿ ತಂದದ್ದು ತಪ್ಪಾಯಿತು. ಆ ವರ್ಷವೆಲ್ಲ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಸೀನು ಬರುತ್ತಿತ್ತು.

ನನ್ನ ಹೆಂಡತಿ ಮಹಾದೇವಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳ ಹೊಲಿಗೆ ಮಷಿನ್ನು ಇದ್ದದ್ದು ಅಡುಗೆಮನೆಯ ಕತ್ತಲ ಮೂಲೆಯಲ್ಲಿ. ಸೂಜಿಗೆ ದಾರ ಪೋಣಿಸಲು ಅವಳು ಹಗಲಿನಲ್ಲೂ ದೀಪ ಹಚ್ಚಬೇಕು. ನನ್ನ ಬೋಲ್ಟುಗಳು ಮಾತ್ರ ಕಿಟಕಿಯ ಹತ್ತಿರ ಬೆಳಕು, ಗಾಳಿ ಸವಿಯುತ್ತ ಕೂತಿದ್ದವು. ದಸರೆ ಹತ್ತಿರ ಬಂದಾಗ ಅವಳು ಖಡಾಖಂಡಿತವಾಗಿ ಹೇಳಿದಳು:

"ಈ ಡಬ್ಬ್ಯಾಗಿಂದ ಒಂದಾದ್ರೂ ಬೋಲ್ಟು ಕೆಲಸಕ್ಕ ಬಂದಿದ್ದು ತೋರಸ್ರಿ. ಇಲ್ಲಾಂದ್ರ ಹಬ್ಬ ಮುಗದ ಕೂಡ್ಲೇ ಎಲ್ಲಾ ಮೋಡಕಾದವಗ ತೂಕಕ್ಕ ಹಾಕ್ತೇನಿ. ಆ ಜಾಗಾ ನನಗ ಬೇಕು."

ಡಬ್ಬಿಗಳನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. ನನ್ನ ತಲೆ ಓಡಿತು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಸ್ಪ್ಯಾನರ್, ಪಕ್ಕಡಗಳ ಜೊತೆಗೆ ಅಷ್ಟೂ ಡಬ್ಬಿಗಳನ್ನು ದೇವರ ಜಗಲಿಯ ಮುಂದೆ ಸಾಲಾಗಿ ಇಟ್ಟೆ. ಕುಂಕುಮ ಹಚ್ಚಿಸಿಕೊಂಡ ಡಬ್ಬಿಯನ್ನು ಯಾವ ಗೃಹಿಣಿ ತಾನೇ ಗುಜರಿಗೆ ಹಾಕಿಯಾಳು? ಮಹಾದೇವಿ ನನ್ನ ಮುಖ ನೋಡಿದಳು, ಡಬ್ಬಿಗಳನ್ನು ನೋಡಿದಳು, ಎಲ್ಲಕ್ಕೂ ವಿಭೂತಿ ಎಳೆದು, ಕುಂಕುಮ ಉದುರಿಸಿ ಚೆಂಡುಹೂ ಏರಿಸಿದಳು. ನಾನು ಕೈ ಮುಗಿದೆ. ಅಷ್ಟು ಭಕ್ತಿಯಿಂದ ನಾನು ಎಂದೂ ಕೈ ಮುಗಿದಿರಲಿಲ್ಲ.

ಮರುದಿನ, ವಿಜಯದಶಮಿಯ ಸಂಜೆ, ಅವಳು ಊರಿನ ಆ ತುದಿಯಲ್ಲಿರುವ ಅಕ್ಕನ ಮನೆಗೆ ಬನ್ನಿ ಎಲೆ ಕೊಡಲು ಹೊರಟಳು. ಹ್ಯಾಂಡಲ್ಲಿಗೆ ಬನ್ನಿಯ ಚೀಲ, ಕೈಯಲ್ಲಿ ಹೋಳಿಗೆಯ ದೊಡ್ಡ ಡಬ್ಬಿ. ಅದನ್ನು ಕಟ್ಟಲು ಹಿಂದೆ ನೋಡಿದರೆ ಅವಳ ಸೈಕಲ್ಲಿಗೆ ಕ್ಯಾರಿಯರ್ರೇ ಇಲ್ಲ.

"ಕ್ಯಾರಿಯರ್ ಎಲ್ಲಿ ಐತ್ರೀ?"

ಕ್ಯಾರಿಯರ್ ಗೋಡೆಗೆ ಒರಗಿ ನಿಂತಿತ್ತು. ಹಿಂದಿನ ದಿನ ಸೈಕಲ್ಲನ್ನು ಪೂಜೆಗೆಂದು ತೊಳೆಯುವಾಗ ಚೆನ್ನಾಗಿ ಸ್ವಚ್ಛವಾಗಲಿ ಎಂದು ಬಿಚ್ಚಿದ್ದೆ. ಅದಕ್ಕೆ ಬೇರೆಯಾಗಿ ಕುಂಕುಮವೂ ಸಿಕ್ಕಿತ್ತು.

"ಅದರ ಬೋಲ್ಟು?"

"ಕಳೀಬಾರ್ದಂತ ಜ್ವಾಕಿಲೆ ಡಬ್ಬ್ಯಾಗ ಹಾಕೇನಿ."

ಅವಳು ಜಗಲಿಯತ್ತ ನೋಡಿದಳು. ಬನ್ನಿ ಮುಡಿದು, ದೀಪ ಬೆಳಗಿ ಪೂಜೆ ಇಳಿಸುವವರೆಗೆ ಅಲ್ಲಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವಳು ಅಕ್ಕನಿಗೆ ಬನ್ನಿ ಕೊಟ್ಟು ಬಂದ ಮೇಲೆಯೇ ಇಳಿಸುವುದು ರೂಢಿ. ಅಂಗಡಿಗಳು ಮುಚ್ಚಿದ್ದವು, ನೆರೆಯವರ ಸ್ಪ್ಯಾನರ್ರುಗಳೂ ಹೂವು ಮುಡಿದು ಕೂತಿದ್ದವು. ನನ್ನ ಸೈಕಲ್ಲಿಗೆ ಕ್ಯಾರಿಯರ್ ಇಟ್ಟುಕೊಂಡ ಅಭ್ಯಾಸವೇ ಇಲ್ಲ.

"ಇದ್ದದ್ದೊಂದು ಬೋಲ್ಟು, ಅದನ್ನೂ ನುಂಗ್ತು ನಿಮ್ಮ ಡಬ್ಬಿ," ಎಂದು ಅವಳು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. ಸೋತೆ ಅನ್ನಿಸಿತು. ಆಗ ಖಾಲಿ ನಿಂತಿದ್ದ ರ್‍ಯಾಕ್ ಕಣ್ಣಿಗೆ ಬಿತ್ತು. ಅದಕ್ಕೆ ಯಾರೂ ಕುಂಕುಮ ಹಚ್ಚಿರಲಿಲ್ಲ! ಅದರ ಒಂದು ಬೋಲ್ಟು ಹಿಡಿದು ತಿರುಗಿಸಿದರೆ ಬೆರಳಿಗೇ ಬಂದುಬಿಟ್ಟಿತು. ಜೋಡಿಸುವಾಗ ನಾನು ಎಷ್ಟು ಬಿಗಿ ಮಾಡಿದ್ದೆನೋ ಅದರಿಂದಲೇ ತಿಳಿಯುತ್ತದೆ. ಕ್ಯಾರಿಯರ್ರಿಗೆ ಅದು ಹೇಳಿ ಮಾಡಿಸಿದಂತೆ ಕೂತಿತು. ಬಟ್ಟೆ ಸುತ್ತಿ ಕೈಯಿಂದಲೇ ಬಿಗಿದೆ.

"ಈ ಬೋಲ್ಟು ಮೊದಲ ಡಬ್ಬ್ಯಾಗಿಂದ ತಗದು ರ್‍ಯಾಕಿಗೆ ಹಾಕಿದ್ದು," ಎಂದೆ ಎದೆಯುಬ್ಬಿಸಿ. "ಕೆಲಸಕ್ಕ ಬಂತೋ ಇಲ್ಲೋ?"

"ಬಂತು ಬಿಡ್ರಿ, ನೀವ ಗೆದ್ರಿ," ಎಂದಳು ಹೋಳಿಗೆಯ ಡಬ್ಬಿ ಕಟ್ಟುತ್ತ. ನಂತರ ಒಳಗೆ ಇಣುಕಿದಳು. ರ್‍ಯಾಕ್ ಒಂದು ಕಡೆ ವಾಲಿ ಗೋಡೆಗೆ ಹೆಗಲು ಕೊಟ್ಟಿತ್ತು. "ಆದ್ರ ಇನ್ನ ಡಬ್ಬಿ ಎಲ್ಲಿ ಇಡ್ತೀರಿ?"

ಅವಳು ಅಕ್ಕನ ಮನೆಯಿಂದ ತಿರುಗಿ ಬಂದು, ನನಗೂ ಬನ್ನಿ ಕೊಟ್ಟು, "ಬಂಗಾರದಂಗ ಇರೂಣ್ರಿ" ಎಂದು ಕಾಲಿಗೆರಗಿದಳು. ಪೂಜೆ ಇಳಿಸಿದೆವು. ಡಬ್ಬಿಗಳು ಮಂಚದ ಕೆಳಗೆ ಹೋದವು. ರ್‍ಯಾಕನ್ನು ನಾನೇ ಬಿಚ್ಚಿದೆ, ಅದರ ಉಳಿದ ಬೋಲ್ಟುಗಳನ್ನು ಎಲ್ಲಿ ಹಾಕಿದೆನೆಂದು ಹೇಳಬೇಕಿಲ್ಲ. ಮಷಿನ್ನು ಕಿಟಕಿಗೆ ಬಂತು. ಬೆಳಕಿನಲ್ಲಿ ಮಹಾದೇವಿ ಹಾಡು ಗುನುಗುತ್ತ ಹೊಲಿಯುವುದನ್ನು ನೋಡಿ, ಇದನ್ನು ಮೊದಲೇ ಮಾಡಬೇಕಿತ್ತು ಅನ್ನಿಸಿದ್ದು ನಿಜ.

ಇವತ್ತು ಬೆಳಿಗ್ಗೆ ಅವಳೇ ಕೂಗಿದಳು: "ರೀ, ಮಷಿನ್ನಿನ ಕಾಲು ಅಲ್ಲಾಡಾಕತ್ತೈತಿ. ನಿಮ್ಮ ಡಬ್ಬ್ಯಾಗ ಒಂದು ಬೋಲ್ಟು ಐತೇನು ನೋಡ್ರಿ."

ಎಂಥ ಮಾತು! ಹಳೆಯ ಪೇಪರ್ ಹಾಸಿ ಡಬ್ಬಿಗಳನ್ನೆಲ್ಲ ಸುರುವಿಕೊಂಡು ಕೂತೆ. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ನಟ್ಟಿಲ್ಲ. ಕಾಲಿಗೆ ಹೊಂದುವಂಥದ್ದು ಒಂದೂ ಸಿಗಲಿಲ್ಲ. ಆದರೆ ಕ್ಯಾರಿಯರ್ರಿನ ಆ ಮೂಲ ಬೋಲ್ಟು ಸಿಕ್ಕಿತು, ಅದರ ಮೇಲೆ ಇನ್ನೂ ಸ್ವಲ್ಪ ಕುಂಕುಮವಿತ್ತು. ಹೊರಗೆಲ್ಲಾದರೂ ಇಟ್ಟರೆ ಕಳೆದುಹೋದೀತೆಂದು, ಜೋಪಾನವಾಗಿ ಮತ್ತೆ ಡಬ್ಬಿಯೊಳಗೇ ಹಾಕಿದ್ದೇನೆ.