ಗೋಲು ಹೊಡೆದರೋ, ತಡೆದರೋ?

ನಾನು ಫಿಸಿಯೋಥೆರಪಿಸ್ಟ್. ಯಾರ ಮೊಣಕಾಲು ಹಿಡಿದರೂ ಅವರ ಮನೆಯ ಜಗಳ ನನ್ನ ತಲೆಗೆ ಅಂಟಿಕೊಳ್ಳುತ್ತದೆ. ಮೈಸೂರಿನಲ್ಲೂ ಹೀಗೇ ಆಗುತ್ತಿತ್ತು, ಆಸ್ಟ್ರೇಲಿಯಾಕ್ಕೆ ಬಂದಮೇಲೂ ತಪ್ಪಲಿಲ್ಲ. ನಮ್ಮ ಯಜಮಾನರು ಆಸ್ಪತ್ರೆ ಡಾಕ್ಟರು. ಅವರ ಕೆಲಸ ಊರೂರು ಬದಲಾದ ಹಾಗೆ ಒಂದೇ ಜಗಳವನ್ನು ಮೂರು ಊರಲ್ಲಿ ಕೇಳುವ ಯೋಗ ನನ್ನದಾಯಿತು.

ಪರ್ತ್: ಕೈಗವಸು

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಇಂಗ್ಲಿಷ್ ಅಂಕಲ್. ಮೊಣಕಾಲಿಗೆ ವ್ಯಾಯಾಮ ಹೇಳಿಕೊಡಲು ಹೋದರೆ ಹಳೇ ಉಣ್ಣೆ ಕೈಗವಸು ತಂದು ತೋರಿಸಿದರು.

"ಎರಡು ಮಹಾಯುದ್ಧಗಳ ಮಧ್ಯೆ ನಮ್ಮಪ್ಪ ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡ್ತಿದ್ರು. ಗೋಲ್‌ಕೀಪರ್!"

ಅಪ್ಪನ ಸಮಾಧಿ ಅಡಿಲೇಡ್‌ನಲ್ಲಿದೆಯಂತೆ. ಕಲ್ಲಿನ ಮೇಲೆ ಹೆಸರಿದೆ, ಕೆಳಗಿನ ಸಾಲು ಖಾಲಿ. ಅಲ್ಲಿ ಏನು ಬರೆಸಬೇಕೆಂದು ಜಗಳವಾಡಿ ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷ.

"ಬ್ರಿಸ್ಬೇನ್‌ನಲ್ಲಿರೋ ನನ್ನ ತಮ್ಮ, ಅಪ್ಪ ಗೋಲು ಹೊಡೆಯೋ ಸೆಂಟರ್ ಫಾರ್ವರ್ಡ್ ಅಂತಾನೆ. ಅವನ ಹತ್ರ ಅಪ್ಪನ ಬೂಟಿದೆಯಂತೆ! ಗೋಲ್‌ಕೀಪರ್ ಏನು ಬರಿಗಾಲಲ್ಲಿ ನಿಲ್ತಾನಾ?"

ನಾವು ಬ್ರಿಸ್ಬೇನ್‌ಗೆ ಹೊರಟಾಗ ತಮ್ಮನ ವಿಳಾಸ ಹೇಳಿದರು. ಮಾತು ಬಿಟ್ಟಿದ್ದರೂ ವಿಳಾಸ ಬಾಯಿಪಾಠ!

ಬ್ರಿಸ್ಬೇನ್: ಬೂಟು

ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಮನೆ ಮಾಡಿದ ವಾರವೇ ಆ ತಮ್ಮನ ಮನೆಗೆ ಹೊರಟೆ.

"ಯಾರದೋ ಅಪ್ಪ, ಯಾವ ಕಾಲದ್ದೋ ಆಟ. ನಿನಗ್ಯಾಕೇ ಇದೆಲ್ಲ?" ಅಂದರು ಯಜಮಾನರು.

"ಗೋಲು ಹೊಡೆಯೋನೂ ತಡೆಯೋನೂ ಒಬ್ಬನೇ ಹೇಗ್ರೀ ಆಗ್ತಾನೆ? ತಿಳ್ಕೊಳ್ದೆ ನನಗೆ ನಿದ್ದೆ ಬರಲ್ಲ."

ಆ ತಮ್ಮ ಒಂದು ಹಳೇ ಚರ್ಮದ ಬೂಟು ತಂದು ಟೇಬಲ್ ಮೇಲಿಟ್ಟರು. ಎತ್ತಿ ನೋಡಿದೆ, ಒಳ್ಳೇ ಇಡ್ಲಿ ಪಾತ್ರೆಯಷ್ಟು ಭಾರ.

"ಇದರಲ್ಲೇ ಗೋಲು ಹೊಡೆದೆ ಅಂತ ಅಪ್ಪನೇ ಹೇಳಿದ್ರು."

"ಮತ್ತೆ ಆ ಕೈಗವಸು?"

"ಇಂಗ್ಲೆಂಡ್ ಚಳಿಗೆ ಹಾಲು ಹಾಕೋನೂ ಕೈಗವಸು ಹಾಕ್ಕೋತಾನೆ!"

ಅಡಿಲೇಡ್: ಅಕ್ಕ

ಮುಂದೆ ಅಡಿಲೇಡ್‌ಗೆ ಬಂದೆವು. ಇವರಿಬ್ಬರ ಅಕ್ಕ ಇದ್ದದ್ದು ಅಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ. ತಮ್ಮಂದಿರು ಬೇರೆ ಬೇರೆಯಾಗಿ ಫೋನ್ ಮಾಡಿ ನನ್ನ ವಿಷಯ ಹೇಳಿದ್ದರಂತೆ.

"ಆಂಟಿ, ನಿಜ ಏನು ಹೇಳಿಬಿಡಿ" ಅಂದೆ.

"ಈಗಲೇ ಹೇಳಲ್ಲ. ನನಗೆ ತೊಂಬತ್ತು ತುಂಬುತ್ತೆ. ನನ್ನ ಕಲ್ಲು ಏಳೋದರೊಳಗೆ ಅಪ್ಪನ ಕಲ್ಲು ಮುಗೀಬೇಕು. ಹುಟ್ಟುಹಬ್ಬಕ್ಕೆ ಇಬ್ಬರನ್ನೂ ಕರೆಸ್ತೀನಿ, ನೀನೂ ಬಾ."

ಇಬ್ಬರೂ ಬಂದರು, ಒಬ್ಬರು ಕೈಗವಸು ಹಿಡಿದು, ಇನ್ನೊಬ್ಬರು ಬೂಟು ಹಿಡಿದು. ಸೋಫಾದ ಆ ತುದಿಗೊಬ್ಬರು, ಈ ತುದಿಗೊಬ್ಬರು, ನಡುವೆ ಕೇಸರಿಬಾತ್ ಡಬ್ಬಿ ಹಿಡಿದ ನಾನು.

"ಇಬ್ಬರು ಹೇಳೋದೂ ನಿಜ" ಅಂದರು ಆಂಟಿ. "ಅಪ್ಪ ಯಾವಾಗಲೂ ಕ್ಲಬ್ಬಿನ ಎರಡನೇ ತಂಡದಲ್ಲೇ ಇದ್ರು. ದೊಡ್ಡ ತಂಡಕ್ಕೆ ಆಡಿದ್ದು ಒಂದೇ ಮ್ಯಾಚು. ಮೊದಲರ್ಧದಲ್ಲಿ ಗೋಲು ಹೊಡೆದ್ರು. ಆಮೇಲೆ ಗೋಲ್‌ಕೀಪರ್ ಕೈ ಮುರೀತು. ಆಗೆಲ್ಲ ಬದಲಿ ಆಟಗಾರರು ಇರಲಿಲ್ಲ, ಇದ್ದವರಲ್ಲೇ ಒಬ್ಬರು ಹೋಗಿ ನಿಲ್ಲಬೇಕು. ಅಪ್ಪ ಈ ಕೈಗವಸು ಹಾಕ್ಕೊಂಡು ನಿಂತ್ರು."

ಅಣ್ಣನ ಕಣ್ಣು ತುಂಬಿತು. ತಮ್ಮ ಎದ್ದುಹೋಗಿ ಬೂಟನ್ನು ಕೈಗವಸಿನ ಪಕ್ಕ ಇಟ್ಟರು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಆಂಟಿ, ಮ್ಯಾಚ್ ಏನಾಯ್ತು?"

"ಅಪ್ಪ ಇವರಿಗೆ ಒಬ್ಬೊಬ್ಬರಿಗೆ ಅರ್ಧರ್ಧ ಆಟ ಹೇಳಿದ್ರು. ಸ್ಕೋರ್ ಹೇಳಿದ್ದು ನನಗೆ ಮಾತ್ರ. ನಮ್ಮದು ಒಂದು, ಅವರದು ಒಂಬತ್ತು. ಒಂಬತ್ತೂ ಅಪ್ಪ ಹೋಗಿ ನಿಂತಮೇಲೆ!"

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಾಗಾದ್ರೆ ಕಲ್ಲಿನ ಮೇಲೆ ಏನು ಬರೆಸೋಣ?" ಎಂದು ಆಂಟಿ ಕೇಳಿದರು.

ಇಷ್ಟು ವರ್ಷದಲ್ಲಿ ಅಣ್ಣ ತಮ್ಮ ಮೊದಲ ಸಲ ಒಟ್ಟಿಗೆ ಬಾಯಿ ಬಿಟ್ಟರು, "ಏನಾದ್ರೂ ಬರೆಸು, ಸ್ಕೋರ್ ಒಂದು ಬೇಡ!"