ಸೋಲಲು ಒಬ್ಬ ಬೇಕಾಗಿದ್ದಾನೆ

ಎದುರಾಳಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿಲ್ಲ ಎಂಬ ಸುದ್ದಿ ಕೇಳಿ ಪಂಡಿತ ಮುಖದ ಮೇಲೆ ಮರುಕ ತಂದುಕೊಂಡು ಮನಸ್ಸಿನಲ್ಲಿ ಕುಣಿದ. ಪ್ರಾಚೀನ ಭಾಷೆಗಳ ವಿಭಾಗದ ವಿದ್ಯಾರ್ಥಿವೇತನಕ್ಕೆ ಆ ಮಧ್ಯಾಹ್ನ ಕಂಠಪಾಠದ ಸ್ಪರ್ಧೆ ಇತ್ತು. ಎಲ್ಲರೂ ಒಪ್ಪಿಸಬೇಕಾದದ್ದು ಒಂದೇ ಹಳೆಯ ಕಾವ್ಯ. ಸ್ಪರ್ಧಿಗಳು ಇಬ್ಬರೇ. ಒಬ್ಬ ಇವನು, ಇನ್ನೊಬ್ಬಳು ಇವನಿಗಿಂತ ಒಂದು ವರ್ಷ ಮುಂದಿದ್ದ, ವಿಭಾಗದವರೆಲ್ಲ 'ಅಕ್ಕ' ಎಂದೇ ಕರೆಯುತ್ತಿದ್ದ ಹುಡುಗಿ. ಅಕ್ಕ ಬಾಯಿ ತೆರೆದರೆ ಎರಡು ಸಾವಿರ ವರ್ಷದ ಹಿಂದಿನವರು ಎದ್ದು ಬಂದು ಮಾತಾಡಿದ ಹಾಗಿರುತ್ತಿತ್ತು. ಪಂಡಿತ ಬಾಯಿ ತೆರೆದರೆ ಅವರು ಮುಸುಕು ಹೊದ್ದು ಮತ್ತೆ ಮಲಗುತ್ತಿದ್ದರು. ಹೀಗೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಸ್ವತಃ ಪಂಡಿತನೇ.

'ಪಂಡಿತ' ಹಾಸ್ಟೆಲಿನವರು ಇಟ್ಟ ಹೆಸರು. ಯಾರೂ ಮಾತಾಡದ ಭಾಷೆಯನ್ನು ಓದಲು ಬಂದವನಿಗೆ ಇನ್ನೇನು ತಾನೆ ಹೆಸರಿಟ್ಟಾರು? ಅವನನ್ನು ಓದಿಸುತ್ತಿದ್ದ ಸೋದರಮಾವನಿಗೆ ಹಾಸಿಗೆ ದಿಂಬಿನ ಅಂಗಡಿ ಇತ್ತು. "ಸ್ಕಾಲರ್‌ಶಿಪ್ ಬಂದ್ರೆ ಓದು. ಬರ್ಲಿಲ್ವಾ, ಬಂದು ಅಂಗಡೀಲಿ ಕೂತ್ಕೋ. ಗಿರಾಕಿಗಳ ಹತ್ರ ಮಾತ್ರ ಆ ಭಾಷೇಲಿ ಮಾತಾಡ್ಬೇಡ" ಎಂದು ಮಾವ ಹಿಂದಿನ ದಿನವಷ್ಟೇ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

ಕುಣಿದ ಕಾಲು ನೆಲಕ್ಕೆ ತಾಗುವಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಕರೆದರು.

"ನೋಡಪ್ಪಾ, ದಾನಿಗಳ ಕರಾರು ಸ್ಪಷ್ಟವಾಗಿದೆ. ಸ್ಪರ್ಧೆ ಅಂದ್ಮೇಲೆ ಇಬ್ಬರಾದ್ರೂ ಇರ್ಬೇಕು. ನೀನೊಬ್ಬನೇ ಆದ್ರೆ ಈ ವರ್ಷ ಬಹುಮಾನ ಇಲ್ಲ."

"ಇನ್ನೊಬ್ಬರು ಯಾರಾದ್ರೂ ಆಗ್ಬಹುದಾ ಸರ್?"

"ನಮ್ಮ ಒಂದಾದ್ರೂ ಪಾಠಕ್ಕೆ ಹೆಸರು ಕೊಟ್ಟಿರ್ಬೇಕು. ಬಂದು ನಿಂತು ನಾಲ್ಕು ಮಾತು ಹೇಳಿದ್ರೂ ಸಾಕು."

ಪಂಡಿತ ಸೋಲುವವರನ್ನು ಹುಡುಕಿಕೊಂಡು ಹೊರಟ. ಗೆಲ್ಲುವವರು ಜಗತ್ತಿನಲ್ಲಿ ಕಡಿಮೆ ಎಂದುಕೊಂಡಿದ್ದ. ಸೋಲುವವರು ಇನ್ನೂ ಕಡಿಮೆ ಎಂದು ಆ ಬೆಳಿಗ್ಗೆ ತಿಳಿಯಿತು. ಒಬ್ಬನಿಗೆ ಪಂದ್ಯ ಇತ್ತು. ಒಬ್ಬಳು "ಸೋಲೋಕೆ ನಾನೇ ಬೇಕಾ? ನೀನೇ ಸಾಕಲ್ವಾ?" ಎಂದು ಕೇಳಿ ಕ್ಯಾಂಟೀನಿಗೆ ಹೋದಳು. ಸುತ್ತಿ ಸುತ್ತಿ ಸುಸ್ತಾಗಿ ತನ್ನ ರೂಮಿಗೆ ಬಂದು ಕುಳಿತಾಗ, ಪಕ್ಕದ ಮಂಚದಿಂದ ಗರಗಸ ಎಳೆದಂಥ ಸದ್ದು ಕೇಳಿತು.

ಅದು ರೂಮ್‌ಮೇಟು. ಇಂಜಿನಿಯರಿಂಗ್ ಓದುತ್ತಿದ್ದ, ಅಂದರೆ ಮಲಗುತ್ತಿದ್ದ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಗೊರಕೆ ಎಂದೇ. ಊಟವಾದ ಮೇಲಿನ ತರಗತಿ, ಕಿಟಕಿಗೆ ದಪ್ಪ ಪರದೆ, ಮೆತ್ತನೆಯ ದನಿಯ ಮೇಷ್ಟ್ರು ಎಂಬ ಮೂರು ಕಾರಣಗಳಿಗಾಗಿ ಅವನು 'ಪ್ರಾಚೀನ ಸಾಹಿತ್ಯ ಪರಿಚಯ'ಕ್ಕೆ ಹೆಸರು ಕೊಟ್ಟಿದ್ದ. ಪಂಡಿತ ಅವನ ಹೊದಿಕೆ ಎಳೆದ.

"ನಾನೇನೋ ಮಾಡ್ಲಿ ಅಲ್ಲಿ?" ಎಂದ ಗೊರಕೆ, ಕಣ್ಣು ಬಿಡದೆ.

"ಏನೂ ಮಾಡ್ಬಾರ್ದು. ಮೊದಲ್ನೇ ಸಾಲು ಹೇಳ್ಕೊಡ್ತೀನಿ. ಅದನ್ನ ಹೇಳಿ, ಮರೆತೋಯ್ತು ಅಂತ ಬಂದು ಕೂತ್ಕೋ. ನನ್ನ ಬದುಕಿನ ಪ್ರಶ್ನೆ ಕಣೋ."

"ಮಲಗೋ ಹೊತ್ತಿಗೆ ವಾಪಸ್ ಬಿಡ್ತೀಯಾ?"

"ನಾನೇ ಹಾಸಿಗೆ ಹಾಸ್ಕೊಡ್ತೀನಿ."

ಗೊರಕೆ ಎದ್ದು ನಿಂತು ಸ್ಪರ್ಧೆಗೆ ಹೋಗುತ್ತಾನೆಂಬ ಸುದ್ದಿ ಕಾರಿಡಾರಿನಲ್ಲಿ ಹಬ್ಬಿತು. ಎಡಗಡೆ ರೂಮಿನವನು ಇಸ್ತ್ರಿ ಮಾಡಿದ ಅಂಗಿ ತಂದ, ಬಲಗಡೆಯವನು ತಲೆ ಬಾಚಿದ. ಇದನ್ನು ಕಣ್ಣಾರೆ ನೋಡದಿದ್ದರೆ ಜನ್ಮ ವ್ಯರ್ಥವೆಂದು ಹಾಸ್ಟೆಲಿಗೆ ಹಾಸ್ಟೆಲೇ ಹಿಂದೆ ಹೊರಟಿತು. ಪಂಡಿತನ ಅಂಗಿಯ ಕಾಲರು ಮಡಚಿಕೊಂಡಿದ್ದನ್ನು ಯಾರೂ ಗಮನಿಸಲಿಲ್ಲ.

ತೀರ್ಪುಗಾರರು ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಹಿರಿಯ ವಿದ್ವಾಂಸರು. ಹಳೆಯ ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಮೂಲ, ಯಾವುದು ಅದರ ನಕಲು ಎಂದು ಪತ್ತೆ ಮಾಡುವುದರಲ್ಲೇ ತಲೆಗೂದಲು ಕಳೆದುಕೊಂಡವರು.

"ಮೊದಲು ಯಾರು?" ಎಂದು ಅವರು ಕೇಳಿದರು.

"ಅವನೇ ಹೋಗ್ಲಿ ಸರ್" ಎಂದ ಪಂಡಿತ, ಬಹಳ ಔದಾರ್ಯದಿಂದ. ಗೊರಕೆಯ ನಂತರ ನಿಂತರೆ ತಾನು ಸ್ವಲ್ಪ ಹೊಳೆಯಬಹುದೆಂಬ ಆಸೆ ಅವನದು. ತನ್ನಷ್ಟಕ್ಕೆ ತಾನೇ ಹೊಳೆಯುವ ಪೈಕಿ ಅಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗೊರಕೆ ವೇದಿಕೆ ಹತ್ತಿದ. ಅಷ್ಟು ಜನರನ್ನು ನೋಡಿ ಹೆದರಿ ಕಣ್ಣು ಮುಚ್ಚಿಕೊಂಡ. ಮೊದಲನೇ ಸಾಲು ಹೇಳಿದ. ಪಂಡಿತ ಚಪ್ಪಾಳೆಗೆ ಕೈ ಎತ್ತಿದ. ಗೊರಕೆ ಎರಡನೇ ಸಾಲು ಹೇಳಿದ. ಆಮೇಲೆ ಮೂರನೆಯದು. ಹೀಗೇ ಸಾಲಿನ ಹಿಂದೆ ಸಾಲು, ನಲ್ಲಿ ತಿರುಗಿಸಿಟ್ಟು ಮರೆತ ಹಾಗೆ ಹರಿಯತೊಡಗಿತು. ಪಂಡಿತನ ಕೈ ಮೇಲೆಯೇ ಉಳಿಯಿತು. ಎಷ್ಟೋ ತಿಂಗಳಿಂದ ದಿನಾ ಬೆಳಗಿನ ಜಾವ ತಾನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದುದು ನೆನಪಾಯಿತು. ಪಕ್ಕದ ಮಂಚದಲ್ಲಿ ಹೊದಿಕೆಯೊಳಗೆ ಎರಡು ಕಿವಿಗಳಿದ್ದುದೂ ಈಗ ನೆನಪಾಯಿತು.

ಐದನೇ ಪದ್ಯದ ಕೊನೆಗೆ ಗೊರಕೆ ಸ್ವಲ್ಪ ನಿಂತು, ಬಾಯಿ ಮುಂದೆ ಮಾಡಿ 'ಉಫ್' ಎಂದು ಊದಿದ. ಪಂಡಿತ ದಿನಾ ಆ ಜಾಗಕ್ಕೆ ಬಂದಾಗ ಟೀ ಆರಿಸಿಕೊಳ್ಳುತ್ತಿದ್ದ.

ಪಂಡಿತನ ಸರದಿ ಬಂತು. 'ಉಫ್' ಎನ್ನಬಾರದು, 'ಉಫ್' ಎನ್ನಬಾರದು ಎಂದು ಜಪಿಸುತ್ತ ಎರಡನೇ ಪದ್ಯದಲ್ಲಿ ಎಡವಿದ, ನಾಲ್ಕನೆಯದನ್ನು ಮೂರನೆಯದರ ಮುಂದೆ ಹೇಳಿದ. ಐದನೆಯದರ ಕೊನೆಗೆ ಬಂದು, ತಡೆದರೂ ತಡೆಯದೆ 'ಉಫ್' ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹೇಗೋ ಕೊನೆ ಮುಟ್ಟಿಸಿ ಬಂದು ಕುಳಿತ.

ವಿದ್ವಾಂಸರು ಕನ್ನಡಕ ಒರೆಸಿಕೊಂಡರು. "ಒಂಬತ್ತನೇ ಪದ್ಯದಲ್ಲಿ ನಾಲ್ಕು ಸಾಲು ಇಬ್ಬರಲ್ಲೂ ಬಿಟ್ಟುಹೋಗಿದೆ. ಅದೇ ನಾಲ್ಕು ಸಾಲು."

ಪಂಡಿತ ಓದಿದ ಗ್ರಂಥಾಲಯದ ಹಳೆಯ ಪುಸ್ತಕದಲ್ಲಿ ಆ ಪುಟದ ಕೆಳತುದಿಯನ್ನು ಹುಳ ತಿಂದಿತ್ತು. ಅಲ್ಲಿ ಸಾಲುಗಳಿದ್ದವು ಎಂಬುದೇ ಅವನಿಗೆ ತಿಳಿದಿರಲಿಲ್ಲ.

"ಎರಡು ಪ್ರತಿಗಳಲ್ಲಿ ಒಂದೇ ಲೋಪ ಒಂದೇ ಜಾಗದಲ್ಲಿದ್ದರೆ ಒಂದು ಇನ್ನೊಂದರ ನಕಲು" ಎಂದು ವಿದ್ವಾಂಸರು ಪಾಠ ಹೇಳುವ ದನಿಯಲ್ಲಿ ಮುಂದುವರಿಸಿದರು. "ನಕಲು ಮಾಡುವವನು ಮೂಲದ ತಪ್ಪುಗಳ ಜೊತೆಗೆ ತನ್ನವನ್ನೂ ಸೇರಿಸುತ್ತಾನೆ. ಹಾಗಾಗಿ ತಪ್ಪು ಕಡಿಮೆ ಇರುವುದೇ ಮೂಲ." ಅವರ ಬೆರಳು ಗೊರಕೆಯ ಕಡೆಗೆ ತಿರುಗಿತು.

"ಸರ್, ಅವನು ನನ್ನ ರೂಮ್‌ಮೇಟು" ಎಂದು ಪಂಡಿತ ಎದ್ದುನಿಂತ.

"ಒಂದೇ ರೂಮಾ? ಹಾಗಾದ್ರೆ ಇನ್ನು ಅನುಮಾನವೇ ಉಳೀಲಿಲ್ಲ." ಅವರು ಗೊರಕೆಯತ್ತ ತಿರುಗಿದರು. "ನೀನು ಯಾವಾಗಪ್ಪಾ ಅಭ್ಯಾಸ ಮಾಡ್ತಿದ್ದೆ?"

"ಬೆಳಗಿನ ಜಾವ, ಹಾಸಿಗೇಲೇ ಆಗೋಗ್ತಿತ್ತು ಸರ್" ಎಂದ ಗೊರಕೆ, ಸತ್ಯವನ್ನೇ.

ವಿದ್ವಾಂಸರ ಕಣ್ಣು ತೇವವಾಯಿತು. ಅವನನ್ನು ಕರೆತಂದದ್ದೇ ಸೋಲುವುದಕ್ಕೆಂದು ಕೂಗಿ ಹೇಳಬೇಕೆನಿಸಿತು ಪಂಡಿತನಿಗೆ. ಹೇಳಿದರೆ ಸ್ಪರ್ಧೆಯಲ್ಲಿ ಮೋಸ ಮಾಡಿದೆನೆಂದು ಪರೀಕ್ಷೆಗೂ ಕೂರಿಸುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡು ಕುಳಿತ. ಆ ದಿನ ಅವನು ತಪ್ಪಿಲ್ಲದೆ ಮಾಡಿದ್ದು ಅದೊಂದೇ ಕೆಲಸ.

ಸಂಜೆ ಮಾವನಿಗೆ ಫೋನ್ ಮಾಡಿದ. "ಎರಡನೇ ಸ್ಥಾನ ಬಂತು ಮಾವ."

"ಪರವಾಗಿಲ್ವೇ. ಎಷ್ಟು ಜನ ಇದ್ರು?"

"ನಾನು ನಾಳಿದ್ದು ಬರ್ತೀನಿ ಮಾವ" ಎಂದು ಫೋನ್ ಇಟ್ಟ.

ಸೂಟ್‌ಕೇಸ್ ತೆಗೆದು ಅಂಗಿಗಳನ್ನು ಮಡಚುತ್ತಿದ್ದಾಗ ಗೊರಕೆ ಅಪರಾಧಿಯ ಹಾಗೆ ಬಂದು ಮಂಚದ ತುದಿಯಲ್ಲಿ ಕುಳಿತ.

"ನಿಲ್ಸೋಕೇ ಆಗ್ಲಿಲ್ಲ ಕಣೋ. ನೀನು ಒಂದಿನಾನೂ ಅರ್ಧಕ್ಕೆ ನಿಲ್ಸಲ್ವಲ್ಲ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಬಹುಮಾನ ಕೊಡೋವಾಗ ಅದರ ಅರ್ಥ ಹೇಳ್ಬೇಕಂತೆ. ಅದ್ರಲ್ಲಿ ಇರೋದಾದ್ರೂ ಏನು?"

ಪಂಡಿತನಿಗೆ ಹೊಟ್ಟೆ ಉರಿಯಿತು. ಆದರೆ ಅವನು ಓದಲು ಬಂದಾಗಿನಿಂದ ಆ ಕಾವ್ಯದಲ್ಲಿ ಏನಿದೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ, ಮಾವನಂತೂ ಕೇಳಿರಲಿಲ್ಲ. ಅಂಗಿಗಳನ್ನು ಪಕ್ಕಕ್ಕೆ ಸರಿಸಿ, ಮೊದಲಿನಿಂದ ಹೇಳತೊಡಗಿದ. ಎರಡನೇ ಪದ್ಯದ ಅರ್ಥ ಮುಗಿಯುವಷ್ಟರಲ್ಲಿ ಎದುರಿನ ತಲೆ ವಾಲಿ, ಗರಗಸದ ಸದ್ದು ಶುರುವಾಯಿತು.

ಪಂಡಿತ ನಿಲ್ಲಿಸಲಿಲ್ಲ. ದನಿಯನ್ನು ಇನ್ನಷ್ಟು ಏರಿಸಿ, ಕುರ್ಚಿಯನ್ನು ಅವನ ಕಿವಿಯ ಹತ್ತಿರಕ್ಕೆ ಎಳೆದುಕೊಂಡು, ಮೂರನೇ ಪದ್ಯಕ್ಕೆ ಹೋದ.